ಶೀರ್ಷಿಕೆಯ ಗುರುತು: ಜಾಲಪುಟ ಮತ್ತು ಗ್ರಂಥಸಂಪಾದನೆ

ಕನ್ನಡದ ಪ್ರಾಚೀನ ಕೃತಿಗಳು ಜಾಲತಾಣಗಳಲ್ಲಿ ಲಭ್ಯವಾಗುತ್ತಿರುವುದು ಸ್ವಾಗತಾರ್ಹ. ಆದರೆ ಅಲ್ಲಿ ಪಠ್ಯದ ಶುದ್ಧಿಯನ್ನು ವಿದ್ವಾಂಸರು ನೋಡಿಕೊಳ್ಳಬೇಕು, ಉಳಿದದ್ದು ತಂತ್ರಜ್ಞರ ಕೆಲಸ ಎಂಬ ಭಾವನೆ ಬಲವಾಗಿದೆ. ಶೀರ್ಷಿಕೆಗಳನ್ನು ಗುರುತಿಸುವ ಕಾರ್ಯವೂ ಈ 'ಉಳಿದದ್ದರ' ಪಾಲಿಗೆ ಸೇರಿಹೋಗುವುದು ಸರಿಯಲ್ಲ.

ಜಾಲಪುಟಗಳನ್ನು ರೂಪಿಸುವ ಎಚ್‌ಟಿಎಂಎಲ್ ಭಾಷೆಯಲ್ಲಿ ಶೀರ್ಷಿಕೆಗಳಿಗೆ ಎಚ್1ರಿಂದ ಎಚ್6ರವರೆಗೆ ಆರು ಹಂತಗಳಿವೆ. ಈ ಅಂಕಿಗಳು ಸೂಚಿಸುವುದು ಅಕ್ಷರದ ಗಾತ್ರವನ್ನಲ್ಲ. ಭಾಗ ಮತ್ತು ಉಪಭಾಗಗಳ ಸಂಬಂಧವನ್ನು. ಗಾತ್ರ, ಬಣ್ಣಗಳನ್ನು ನಿರ್ಧರಿಸಲು ಬೇರೆಯೇ ವ್ಯವಸ್ಥೆಯಿದೆ. ಒಂದು ಸಾಲನ್ನು ಕೇವಲ ದಪ್ಪಕ್ಷರದಲ್ಲಿಟ್ಟರೆ ಅದು ಕಣ್ಣಿಗೆ ಶೀರ್ಷಿಕೆ, ಗಣಕಕ್ಕೆ ಸಾಮಾನ್ಯ ಸಾಲು. ತೆರೆಯ ಮೇಲಿನ ಬರಹವನ್ನು ಓದಿಹೇಳುವ ತಂತ್ರಾಂಶವನ್ನು ಅವಲಂಬಿಸಿದ ಅಂಧ ಸಂಶೋಧಕರು ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುತ್ತ ತಮಗೆ ಬೇಕಾದ ಭಾಗವನ್ನು ತಲುಪುತ್ತಾರೆ. ಗುರುತಿಲ್ಲದ ಪುಟದಲ್ಲಿ ಅವರು ಮೊದಲಿನಿಂದ ಕೇಳುತ್ತ ಹೋಗಬೇಕಾಗುತ್ತದೆ. ನೋಟದಿಂದ ತಿಳಿಯುವ ರಚನೆ ಯಂತ್ರಕ್ಕೂ ತಿಳಿಯುವಂತಿರಬೇಕೆಂದು 2008ರಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿ ವಿಧಿಸಿರುವುದು ಇದೇ ಕಾರಣಕ್ಕೆ.

ಯಾವುದು ಶೀರ್ಷಿಕೆ ಎಂಬ ನಿರ್ಣಯ ತಂತ್ರಜ್ಞಾನದಿಂದ ದೊರೆಯುವಂಥದ್ದಲ್ಲ. ಕುಮಾರವ್ಯಾಸ ಭಾರತವನ್ನು ನೋಡಬಹುದು. ಕೃತಿಯ ಹೆಸರು ಮೊದಲ ಹಂತ, 10 ಪರ್ವಗಳು ಎರಡನೆಯ ಹಂತ, ಸಂಧಿಗಳು ಮೂರನೆಯ ಹಂತ ಎಂಬಲ್ಲಿಗೆ ತೊಡಕಿಲ್ಲ. ತೊಡಕಿರುವುದು ಸಂಧಿಯ ಆರಂಭದ ಸೂಚನಾಪದ್ಯದಲ್ಲಿ. ಅದು ಸಂಧಿಯ ವಸ್ತುವನ್ನು ಸಂಗ್ರಹಿಸಿ ಹೇಳುತ್ತದೆ. ಮೇಲ್ನೋಟಕ್ಕೆ ಶೀರ್ಷಿಕೆಯ ಕೆಲಸವನ್ನೇ ಮಾಡುತ್ತದೆ. ಆದರೂ ಅದು ಕಾವ್ಯದ ಭಾಗವೇ ಆದ ಪದ್ಯ. ಅದನ್ನು ಶೀರ್ಷಿಕೆಯೆಂದು ಗುರುತಿಸಿದರೆ ಕವಿಯ ಪದ್ಯವೊಂದು ಪರಿವಿಡಿಯ ಸಾಲಾಗಿಬಿಡುತ್ತದೆ. ಇನ್ನು ಆಧುನಿಕ ಸಂಪಾದಕರು ಓದುಗರ ಅನುಕೂಲಕ್ಕಾಗಿ ಸೇರಿಸುವ ಉಪಶೀರ್ಷಿಕೆಗಳಿಗೂ ಕವಿಯ ವಿಭಾಗಗಳಿಗೂ ಒಂದೇ ಬಗೆಯ ಗುರುತು ಹಾಕಿದರೆ ಮೂಲ ಯಾವುದು, ಸೇರ್ಪಡೆ ಯಾವುದು ಎಂಬ ವಿವೇಚನೆಯೇ ಅಳಿಸಿಹೋಗುತ್ತದೆ. ಮುದ್ರಿತ ಆವೃತ್ತಿಯಲ್ಲಿ ಚೌಕ ಕಂಸದಿಂದ ತೋರಿಸುವ ಈ ಭೇದವನ್ನು ಜಾಲಪುಟದಲ್ಲಿಯೂ ತೋರಿಸಬೇಕಾಗುತ್ತದೆ.

ಹುಡುಕುವ ಸೌಲಭ್ಯವಿರುವಾಗ ಇಷ್ಟು ಶ್ರಮವೇಕೆ ಎಂಬ ಆಕ್ಷೇಪ ಬರಬಹುದು. ಹುಡುಕಾಟ ನೆರವಾಗುವುದು ಪದವನ್ನು ಮೊದಲೇ ಬಲ್ಲವರಿಗೆ. ಕೃತಿಯ ಕಟ್ಟನ್ನು ಅರಿಯಬೇಕಾದ ವಿದ್ಯಾರ್ಥಿಗೆ ಅದು ಒಂದು ಪದ್ಯವನ್ನು ಕೊಡಬಲ್ಲದೇ ಹೊರತು ಆ ಪದ್ಯದ ಸ್ಥಾನವನ್ನಲ್ಲ.

ತಾಳೆಗರಿಯಲ್ಲಿ ತೆರಪಿಲ್ಲದೆ ಸಾಗುವ ಬರಹದಿಂದ ಪದ್ಯಗಳನ್ನು ಬಿಡಿಸಿ, ಆಶ್ವಾಸ-ಸಂಧಿಗಳ ಎಲ್ಲೆಗಳನ್ನು ನಿಶ್ಚಯಿಸಿಕೊಟ್ಟವರು ಗ್ರಂಥಸಂಪಾದಕರು. ಜಾಲಪುಟದ ಶೀರ್ಷಿಕೆ ಆ ಕಾರ್ಯದ ಮುಂದುವರಿಕೆಯೇ ಆಗಿದೆ. ಆದ್ದರಿಂದ ವಿದ್ಯುನ್ಮಾನ ಆವೃತ್ತಿಯ ಪೀಠಿಕೆಯಲ್ಲಿ ಪಾಠಾಂತರಗಳ ನಿಯಮದ ಜೊತೆಗೆ ಶೀರ್ಷಿಕೆಗಳ ಹಂತವನ್ನು ನಿರ್ಧರಿಸಿದ ಕ್ರಮವನ್ನೂ ಸಂಪಾದಕರೇ ವಿವರಿಸುವುದು ಉಚಿತ.