ಲೆಕ್ಕ ಬಾರದ ಅಮ್ಮನೂ ಬೀಜಗಣಿತ ತಿದ್ದಬಹುದು

ಕೆಂಗೇರಿಯಲ್ಲಿ ನಾವಿರುವ ಬಾಡಿಗೆ ಮನೆಯ ಪಕ್ಕದಲ್ಲಿ ಏಳನೇ ತರಗತಿಯ ಹುಡುಗನೊಬ್ಬನಿದ್ದಾನೆ. ಅವರ ಊರು ಮಾಗಡಿ ಕಡೆ. ಅಮ್ಮ ಗಾರ್ಮೆಂಟ್ಸ್‌ ಕೆಲಸಕ್ಕೆ ಹೋಗುತ್ತಾರೆ. ಮೊನ್ನೆ ಸಂಜೆ ಹುಡುಗ ಗಣಿತದ ನೋಟ್‌ಬುಕ್ ಹಿಡಿದು ಬಂದ. 'ಅಣ್ಣಾ, ಇದು ಯಾಕೆ ತಪ್ಪು?'

ಲೆಕ್ಕ ಹೀಗಿತ್ತು: 3ಎಕ್ಸ್ + 5 = 95. ಅದರ ಕೆಳಗೆ ಅವನು 3ಎಕ್ಸ್ = 100 ಎಂದು ಬರೆದಿದ್ದ. 'ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತೆ' ಎಂಬ ನಿಯಮ ಟ್ಯೂಷನ್‌ನಲ್ಲಿ ಬಾಯಿಪಾಠವಾಗಿದೆ. ಆತುರದಲ್ಲಿ ಬದಲಾಯಿಸುವುದು ಮರೆತಿದ್ದಾನೆ, ಅಷ್ಟೆ. ಯಾಕೆ ಬದಲಾಗಬೇಕು ಎಂದು ಕೇಳಿದೆವು. 'ಮಿಸ್ ಹಾಗೇ ಹೇಳಿದ್ದು' ಎಂದ.

ನಾವು ಲೆಕ್ಕವನ್ನು ಅಂಗಡಿಗೆ ತಂದೆವು. ಮೂರು ತೆಂಗಿನಕಾಯಿ, ಐದು ರೂಪಾಯಿ ಕರ್ಪೂರ, ಒಟ್ಟು 95 ರೂಪಾಯಿ. ಒಂದು ಕಾಯಿಗೆ ಎಷ್ಟು? ಬಾಗಿಲಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಅವನಮ್ಮ ತಟ್ಟನೆ ಹೇಳಿದರು: 'ಅಲ್ಲ ಕಣೋ ಮಗಾ, ಕೊಟ್ಟಿದ್ದೇ ತೊಂಬತ್ತೈದು. ಬರೀ ಕಾಯಿಗೇ ನೂರು ಹೆಂಗಾಯ್ತದೆ?'

ಆ ತಾಯಿ ಓದಿದ್ದು ನಾಲ್ಕನೇ ತರಗತಿ. ಮಗನ ಬೀಜಗಣಿತದ ತಪ್ಪನ್ನು ಅವರೇ ಹಿಡಿದರು.

ನಿಯಮ ತಪ್ಪಲ್ಲ. ಕಾರಣ ಗೊತ್ತಿಲ್ಲದ ನಿಯಮ ಪರೀಕ್ಷೆಯ ದಿನ ಕೈಕೊಡುತ್ತದೆ. ಸಮೀಕರಣ ಎಂದರೆ ಸಮ ನಿಂತಿರುವ ತಕ್ಕಡಿ. ಒಂದು ತಟ್ಟೆಯಿಂದ 5 ತೆಗೆದರೆ ಇನ್ನೊಂದರಿಂದಲೂ 5 ತೆಗೆಯಬೇಕು. ಆಗ 3ಎಕ್ಸ್ = 90. ಎರಡೂ ಕಡೆ ಮೂರು ಪಾಲು ಮಾಡಿದರೆ ಎಕ್ಸ್ = 30. ಯಾವುದೂ 'ಆ ಕಡೆ ಹೋಗಲಿಲ್ಲ'. ಎರಡೂ ಕಡೆ ಒಂದೇ ಕೆಲಸ ಮಾಡಿದೆವು. ವಿಜಯನಗರ ಮಾರ್ಕೆಟ್‌ನಲ್ಲಿ ಈಗ ಡಿಜಿಟಲ್ ತಕ್ಕಡಿಗಳೇ ಹೆಚ್ಚು. ಅವು ಉತ್ತರ ಮಾತ್ರ ತೋರಿಸುತ್ತವೆ. ನಿಮ್ಮ ಮನೆಯಲ್ಲಿ ಹಳೆಯ ತಕ್ಕಡಿ ಇದ್ದರೆ ಮಕ್ಕಳ ಕೈಗೆ ಕೊಡಿ.

ಮಕ್ಕಳು ಎಡವುವ ಜಾಗ ಇನ್ನೂ ಎರಡಿವೆ. 3ಎಕ್ಸ್ = 15 ಎಂದಿದ್ದರೆ 15ರಲ್ಲಿ 3 ಕಳೆದು 12 ಎನ್ನುತ್ತಾರೆ. ಮೂರು ಕಾಯಿಗೆ 15 ಎಂದರೆ ಪಾಲು ಮಾಡಬೇಕು, ಕಳೆಯಬಾರದು. ಇನ್ನೊಂದು, 2(ಎಕ್ಸ್ + 3) = 16. ಇದನ್ನು 2ಎಕ್ಸ್ + 3 ಎಂದು ಬರೆದುಬಿಡುತ್ತಾರೆ. ಕಂಸವನ್ನು ಚೀಲ ಎಂದುಕೊಳ್ಳಿ. ಎರಡು ಚೀಲ ಎಂದರೆ ಒಳಗಿನ 3 ಕೂಡ ಎರಡು ಸಲ. ಆಗ 2ಎಕ್ಸ್ + 6 = 16, ಎಕ್ಸ್ = 5.

ಬೀಜಗಣಿತ ಗೊತ್ತಿಲ್ಲದ ತಂದೆ ತಾಯಿಯೂ ಮೂರು ಮಾತು ಕೇಳಬಹುದು. ಒಂದು ಸಾಲಿಗೆ ಒಂದೇ ಹೆಜ್ಜೆ ಬರೆದೆಯಾ? ಎರಡೂ ಕಡೆ ಒಂದೇ ಕೆಲಸ ಮಾಡಿದೆಯಾ? ಬಂದ ಉತ್ತರವನ್ನು ಮೊದಲಿನ ಲೆಕ್ಕದಲ್ಲಿ ಹಾಕಿ ನೋಡಿದೆಯಾ? ಮೂರನೆಯದೇ ಮುಖ್ಯ. ಮೂರು ಮೂವತ್ತಲಿ ತೊಂಬತ್ತು, ಐದು ಸೇರಿದರೆ ತೊಂಬತ್ತೈದು. ಸರಿಯೋ ತಪ್ಪೋ ಎಂದು ಮಗು ತಾನೇ ಹೇಳಬಲ್ಲದು.

ಲೆಕ್ಕವನ್ನು ಬದುಕಿನ ಮಾತಲ್ಲಿ ಹೇಳುವುದು ನಮಗೆ ಹೊಸತಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಅದರಲ್ಲಿ ಹಣ್ಣು ಹಂಚುವ ಲೆಕ್ಕಗಳೂ ಇವೆ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ.

ರಾಜಾಜಿನಗರ, ಬಸವೇಶ್ವರನಗರದ ಬೀದಿಗಳಲ್ಲಿ ಟ್ಯೂಷನ್ ಬೋರ್ಡು ನೋಡಿದಾಗ ಊರಿನವರಿಗೆ 'ನಮ್ಮ ಮಕ್ಕಳಿಗೆ ಇದು ಸಿಗಲಿಲ್ಲವಲ್ಲ' ಅನ್ನಿಸಬಹುದು. ಸಿಕ್ಕವರೂ ಚಿಹ್ನೆ ಮರೆಯುತ್ತಿದ್ದಾರೆ ಎಂದು ನಾವು ಕಣ್ಣಾರೆ ಕಂಡಿದ್ದೇವೆ. ಟ್ಯೂಷನ್ ಬೇಡವೆಂದಲ್ಲ. ದಿನಕ್ಕೆ ಇಪ್ಪತ್ತು ಲೆಕ್ಕ ಓಡಿಸುವುದಕ್ಕಿಂತ ನಾಲ್ಕು ಲೆಕ್ಕ ಮಾಡಿ, ನಾಲ್ಕನ್ನೂ ತಾಳೆ ನೋಡುವುದು ಮೇಲು. ಅದಕ್ಕೆ ಫೀಸಿಲ್ಲ. ಪಕ್ಕದಲ್ಲಿ ಕೂತು ಕೇಳುವವರೊಬ್ಬರು ಬೇಕು.

ಇವತ್ತು ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ ನೀವೇ ಕೂತು ನೋಡಿ.