ಹಳೆಯ ಕೇಸು, ಹೊಸ ಅರ್ಜಿ

1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಊರಿನ ಸಾಮೂಹಿಕ ಭೂಮಿಯನ್ನು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟುದನ್ನು ಪ್ರತಿಭಟಿಸಿ, ಘೋಷಣೆ ಕೂಗುತ್ತ ನಡೆದ ಜನ ನೀಲಗಿರಿ ಸಸಿಗಳನ್ನು ಕಿತ್ತು, ಹಣ್ಣು-ಮೇವಿನ ಗಿಡಗಳನ್ನು ನೆಟ್ಟರು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲೀಬಾರು ಆಯಿತು. ಇಂಥ ಸೀಮೆಯಲ್ಲಿ ಚಳವಳಿಗೆ ಹೋದವರ ಮೇಲೆ ಕೇಸು ಬೀಳುವುದು ಅಪರೂಪವಲ್ಲ. ಹಿರಿಯರು ಅದನ್ನು ಮರೆತುಬಿಡಬಹುದು. ವಿದ್ಯಾರ್ಥಿಯ ಮೇಲಿನ ಕೇಸು ಮಾತ್ರ ಆತ ಪೊಲೀಸ್ ಪೇದೆಯ ಇಲ್ಲವೆ ಅರಣ್ಯ ರಕ್ಷಕನ ಹುದ್ದೆಗೆ ಅರ್ಜಿ ಹಾಕಿದಾಗ ಮತ್ತೆ ಎದ್ದು ನಿಲ್ಲುತ್ತದೆ.

ಪರಿಶೀಲನಾ ನಮೂನೆಯಲ್ಲಿ ‘ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೆ?’ ಎಂಬ ಪ್ರಶ್ನೆಯಿರುತ್ತದೆ. ‘ಖುಲಾಸೆ ಆಗೇದಲ್ಲ, ಯಾಕ ಬರೀತಿ?’ ಎಂದು ಮನೆಯವರು ಹೇಳುತ್ತಾರೆ. ನೌಕರಿ ಕಳೆಯುವುದು ಬಹುಮಟ್ಟಿಗೆ ಈ ಸಲಹೆಯಿಂದಲೇ. ಪೊಲೀಸರ ವರದಿ ಬಂದಾಗ ಹಳೆಯ ಕೇಸಿಗಿಂತ ಅದನ್ನು ಮುಚ್ಚಿಟ್ಟದ್ದೇ ದೊಡ್ಡ ಅಪರಾಧವಾಗಿ ಕಾಣುತ್ತದೆ.

2016ರ ಜುಲೈ 21ರಂದು ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಈ ವಿಷಯವನ್ನು ವಿವರವಾಗಿ ತೀರ್ಮಾನಿಸಿತು. ಬಂಧನ, ಶಿಕ್ಷೆ, ಖುಲಾಸೆ, ಬಾಕಿ ಇರುವ ಕೇಸು, ಕೇಳಿದ್ದೆಲ್ಲಕ್ಕೂ ನಿಜವನ್ನೇ ಬರೆಯಬೇಕು. ನಮೂನೆಯ ಪ್ರಶ್ನೆ ಅಸ್ಪಷ್ಟವಾಗಿದ್ದರೆ, ಕೇಳದ ಸಂಗತಿಯನ್ನು ಹೇಳಲಿಲ್ಲವೆಂದು ಅಭ್ಯರ್ಥಿಯನ್ನು ತಪ್ಪಿತಸ್ಥನನ್ನಾಗಿ ಮಾಡುವಂತಿಲ್ಲ. ತನ್ನ ಮೇಲೆ ಕೇಸಿರುವುದೇ ತಿಳಿಯದವನು ಮುಚ್ಚಿಟ್ಟನೆನ್ನುವಂತೆಯೂ ಇಲ್ಲ. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವಾದರೆ, ಮುಚ್ಚಿಟ್ಟಿದ್ದರೂ ನೇಮಕಾಧಿಕಾರಿ ಅದನ್ನು ಮನ್ನಿಸಬಹುದು. ‘ಘೋಷಣೆ’ ಎಂಬ ಮಾತು ತೀರ್ಪಿನಲ್ಲಿಯೇ ಇದೆ. ಕುಸನೂರಿನ ಸೀಮೆಯವರು ಇದನ್ನು ಗಮನಿಸಬೇಕು.

ಕಹಿಯಾದ ಭಾಗವೂ ಇದೆ. ಮುಗಿದುಹೋದ ಕೇಸನ್ನು ಪ್ರಾಮಾಣಿಕವಾಗಿ ತಿಳಿಸಿದರೂ ಪೂರ್ವಚರಿತ್ರೆಯನ್ನು ತೂಗಿನೋಡುವ ಅಧಿಕಾರ ನೇಮಕ ಮಾಡುವವರಿಗೆ ಉಳಿದಿದೆ. ನೌಕರಿ ಕೊಡಲೇಬೇಕೆಂದು ಒತ್ತಾಯಿಸಲಾಗದು. ಆದರೆ ಆ ತೂಗುವಿಕೆ ಮನಬಂದಂತೆ ಇರಕೂಡದು. ಪವನ್ ಕುಮಾರ್ ಪ್ರಕರಣದಲ್ಲಿ, 2022ರಲ್ಲಿ, ಕೋರ್ಟು ಇದನ್ನು ಮತ್ತೊಮ್ಮೆ ಹೇಳಿತು. ಈ ಮಾತುಗಳೆಲ್ಲ ಸರ್ಕಾರಿ ಹುದ್ದೆಗಳಿಗೆ ಸಂಬಂಧಿಸಿದವು. ಖಾಸಗಿ ಕಂಪನಿಗಳಲ್ಲಿ ರಕ್ಷಣೆ ತೀರ ತೆಳು.

ಇನ್ನೊಂದು ರೂಢಿ: ಸೌದೆಯ ಹೊರೆಗೋ ರಸ್ತೆ ತಡೆಗೋ ಕೇಸಾದರೆ ‘ತಪ್ಪೊಪ್ಪಿ ದಂಡ ಕಟ್ಟಿ ಬಾ’ ಎನ್ನುವುದು. ಕೋರ್ಟಿನಲ್ಲಿ ಕಟ್ಟಿದ ದಂಡವೂ ಶಿಕ್ಷೆಯೇ ಎಂಬುದು ಅನೇಕರಿಗೆ ಗೊತ್ತಿಲ್ಲ. ಒಪ್ಪುವ ಮೊದಲು ವಕೀಲರನ್ನು ಕೇಳಬೇಕು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಎಚ್ಚರಿಕೆ ಕೊಟ್ಟೋ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಟ್ಟರೆ, ಅದರ 12ನೇ ಕಲಮಿನಂತೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟುವುದಿಲ್ಲ. ಹದಿನೆಂಟು ತುಂಬುವ ಮೊದಲಿನ ತಪ್ಪಿಗೆ 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮು ಇದೇ ರಕ್ಷಣೆ ಕೊಡುತ್ತದೆ. ಹದಿನಾರು ದಾಟಿ ಘೋರ ಅಪರಾಧಕ್ಕೆ ವಯಸ್ಕರಂತೆ ವಿಚಾರಣೆಯಾದವರು ಮಾತ್ರ ಇದಕ್ಕೆ ಹೊರತು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಯುವಕರು ಅರ್ಜಿ ಹಾಕುವ ಮೊದಲೇ ತಮ್ಮ ಕೇಸಿನ ನಂಬರು ಹಿಡಿದು ಕೋರ್ಟಿನಿಂದ ತೀರ್ಪಿನ ದೃಢೀಕೃತ ಪ್ರತಿ ಪಡೆದಿಡಲಿ. ಹಳೆಯ ಕಡತಗಳನ್ನು ಕಾಲಾನಂತರ ನಾಶಪಡಿಸುವ ನಿಯಮವಿದೆ. ವಕೀಲರ ಖರ್ಚು ಭರಿಸಲಾಗದವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ನೆರವು ಉಚಿತ.