ಕಣ್ಣು ಕೆಂಪಾಗಿಲ್ಲವೆಂದು ಸುಮ್ಮನಿರಬೇಡಿ

ಪಾಳಿ ಬದಲಾಗುವ ಹೊತ್ತಿನಲ್ಲಿ ಪುಣೆ ಬಳಿಯ ನಿಗಡಿಯ ಭಕ್ತಿ–ಶಕ್ತಿ ಚೌಕದ ಬಳಿ ನಿಂತರೆ ಪಿಂಪ್ರಿ–ಚಿಂಚವಾಡದ ಕಾರ್ಖಾನೆಗಳತ್ತ ಓಡುವ ಬೈಕುಗಳೇ ಬೈಕುಗಳು. ಸವಾರರಲ್ಲಿ ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ದುಡಿಯಲು ಬಂದವರೂ ಇದ್ದಾರೆ. ಕೆಲವರ ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿರುತ್ತದೆ, ಕೆಲವರ ತಲೆಯ ಮೇಲೆ ಕಿವಿಯವರೆಗಷ್ಟೇ ಬರುವ ಅರ್ಧ ಹೆಲ್ಮೆಟ್. ಪೊಲೀಸರ ಕಣ್ಣಿಗೆ ಅದು ಸಾಕಾದೀತು. ಬಿದ್ದಾಗ ನೆಲಕ್ಕೆ ಬಡಿಯುವುದು ಮುಖವಾದರೆ ಅದು ಇದ್ದೂ ಇಲ್ಲದಂತೆ. ಮುಖದಲ್ಲಿ ಬೇಗ ಒಡೆಯುವ ಮೂಳೆಗಳಿರುವ ಜಾಗಗಳಲ್ಲಿ ಕಣ್ಣಿನ ಗೂಡೂ ಒಂದು.

ಈ ಗೂಡನ್ನು ಏಳು ಮೂಳೆಗಳು ಸೇರಿ ಕಟ್ಟಿವೆ. ಅಂಚಿನಲ್ಲಿ ಬೆರಳಾಡಿಸಿದರೆ ಮೂರು ಸಿಗುತ್ತವೆ: ಮೇಲೆ ಹಣೆಯದು, ಹೊರಗಡೆ ಕೆನ್ನೆಯದು, ಮೂಗಿನ ಕಡೆ ಕೆಳಗೆ ಮೇಲ್ದವಡೆಯದು. ಇವು ಗಟ್ಟಿ. ಸ್ಫೀನಾಯ್ಡ್, ಎಥ್ಮಾಯ್ಡ್, ಲ್ಯಾಕ್ರಿಮಲ್, ಪ್ಯಾಲಟೈನ್ ಎಂಬ ಉಳಿದ ನಾಲ್ಕು ಒಳಗಿವೆ. ಗೂಡಿನ ಬಾಯಿ ಸುಮಾರು 4 ಸೆಂ.ಮೀ. ಅಗಲ, 3.5 ಸೆಂ.ಮೀ. ಎತ್ತರ. ಹಿಂದಕ್ಕೆ ಹೋದಂತೆ ಕಿರಿದಾಗುತ್ತದೆ. ಒಳಗೆ ಸುಮಾರು 30 ಮಿ.ಲೀ. ಜಾಗವಿದ್ದು, ಕಣ್ಣುಗುಡ್ಡೆ ತುಂಬುವುದು ಅದರ ಕಾಲು ಭಾಗದಷ್ಟನ್ನು ಮಾತ್ರ. ಮಿಕ್ಕಿದ್ದೆಲ್ಲ ಕೊಬ್ಬು, ಸ್ನಾಯು, ನರ, ರಕ್ತನಾಳ, ಕಣ್ಣೀರಿನ ಗ್ರಂಥಿ.

ಅಂಚು ಗಟ್ಟಿಯಿದ್ದರೂ ಒಳಗಿನ ಗೋಡೆಗಳು ಹಾಗಿಲ್ಲ. ಮೂಗಿನ ಕಡೆಯ ಗೋಡೆ ಕೆಲವೆಡೆ 0.2ರಿಂದ 0.4 ಮಿ.ಮೀ. ದಪ್ಪವಷ್ಟೇ. ಕಣ್ಣಿನ ಕೆಳಗಿನ ನೆಲವೂ ತೆಳು. ಅದರಡಿ ಕೆನ್ನೆಯೊಳಗಿನ ಗಾಳಿಗೂಡು, ಅಂದರೆ ಸೈನಸ್ ಇದೆ. ಮುಷ್ಟಿಯೋ ಮೊಣಕೈಯೋ ಬೈಕಿನ ಹ್ಯಾಂಡಲ್ಲೋ ಬಡಿದಾಗ ಒಳಗೆ ಒತ್ತಡ ಏರಿ, ಅಂಚು ಉಳಿದು ನೆಲ ಮಾತ್ರ ಕೆಳಕ್ಕೆ ಕುಸಿಯಬಹುದು. ಸ್ಮಿತ್ ಮತ್ತು ರೀಗನ್ ಎಂಬ ವೈದ್ಯರು 1957ರಲ್ಲಿ ಇದನ್ನು ‘ಬ್ಲೋಔಟ್’ ಮುರಿತವೆಂದು ಕರೆದರು. ಮನೆಯ ಫ್ಯೂಸ್ ಸುಟ್ಟು ಟಿವಿ ಉಳಿಯುವ ಹಾಗೆ, ತೆಳುಮೂಳೆ ಮುರಿದು ಕಣ್ಣುಗುಡ್ಡೆಯನ್ನು ಉಳಿಸಿಕೊಡುವುದುಂಟು. ಯಾವಾಗಲೂ ಹಾಗಾಗುತ್ತದೆಂಬ ಭರವಸೆಯೇನೂ ಇಲ್ಲ. 2000ದಲ್ಲಿ ಢಾಕಾದ ಏಷ್ಯಾ ಕಪ್ ಪಂದ್ಯದಲ್ಲಿ ಅನಿಲ್ ಕುಂಬ್ಳೆ ಎಸೆದ ಚೆಂಡು ವಿಕೆಟ್ ಕೀಪರ್ ಸಬಾ ಕರೀಂ ಅವರ ಕಣ್ಣಿಗೆ ಬಡಿಯಿತು. ಕ್ರಿಕೆಟ್ ಚೆಂಡು ಗೂಡಿನ ಬಾಯಿಗಿಂತ ದೊಡ್ಡದು. ಆದರೂ ಕಣ್ಣಿಗೇ ಪೆಟ್ಟಾಗಿ ಅವರ ಆಟ ಬೇಗ ಮುಗಿಯಿತು.

ಇನ್ನು ಗೂಡಿನ ರಂಧ್ರಗಳು. ಪೆಟ್ಟು ತಿಂದವರಿಗೆ ವೈದ್ಯರು ಕೇಳುವ, ವಿಚಿತ್ರವೆನಿಸುವ ಪ್ರಶ್ನೆಗಳೆಲ್ಲ ಇವುಗಳಿಂದಲೇ ಹುಟ್ಟುತ್ತವೆ. “ಮೇಲ್ತುಟಿ ಜೋಮು ಹಿಡಿದಿದೆಯೇ?” ಕಣ್ಣಿನ ನೆಲದಲ್ಲೇ ಕಾಲುವೆ ಮಾಡಿಕೊಂಡು ಸಾಗುವ ನರವೊಂದು ಅಂಚಿನ ಕೆಳಗಿನ ಸಣ್ಣ ತೂತಿನಿಂದ ಹೊರಬಂದು ಕೆನ್ನೆ, ಮೂಗಿನ ಬದಿ, ಮೇಲ್ತುಟಿಗೆ ಸ್ಪರ್ಶಜ್ಞಾನ ಕೊಡುತ್ತದೆ. ನೆಲ ಮುರಿದರೆ ಅದಕ್ಕೂ ಏಟು. “ಕಣ್ಣು ಎಲ್ಲ ಕಡೆ ಹೊರಳುತ್ತದೆಯೇ?” ಕಣ್ಣು ಹೊರಳಿಸುವ ನರಗಳು ಗೂಡಿನ ಹಿಂದಿರುವ ಮೇಲಿನ ಸೀಳಿನಿಂದ ಒಳಬರುತ್ತವೆ. ಅದರ ಪಕ್ಕದಲ್ಲೇ ದೃಷ್ಟಿನರ ಮತ್ತು ಕಣ್ಣಿನ ಮುಖ್ಯ ರಕ್ತನಾಳ ಹಾಯುವ ಕಿರುಗೊಳವೆ. ಅಲ್ಲಿ ಮೂಳೆಯ ಚೂರೋ ಬಾವೋ ಒತ್ತಿದರೆ, ಕಣ್ಣುಗುಡ್ಡೆ ಹೊರಗಿನಿಂದ ನೆಟ್ಟಗಿದ್ದರೂ ನೋಟ ಹೋಗಬಹುದು. ಮೂಗಿನ ಕಡೆಯ ಮೂಲೆಯಲ್ಲಿ ಕಣ್ಣೀರು ಮೂಗಿಗಿಳಿಯುವ ದಾರಿಯಿದೆ. ಅಳುವಾಗ ಮೂಗು ಸೋರುವುದು ಇದರಿಂದಲೇ.

ತೆಳುಗೋಡೆಯ ಅಪಾಯ ಎಷ್ಟೆಂದು 2021ರಲ್ಲಿ ಮಹಾರಾಷ್ಟ್ರ, ಕರ್ನಾಟಕಗಳೆರಡೂ ಕಂಡವು. ಕೋವಿಡ್ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರ ಮೂಗಿನ ಸೈನಸ್‌ಗಳಲ್ಲಿ ಬೇರೂರಿ ಆ ಗೋಡೆಯನ್ನು ದಾಟಿ ಕಣ್ಣಿಗೆ ಬರುತ್ತಿತ್ತು. ಮುಂದೆ ಮೆದುಳಿಗೂ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಇಂದಿಗೂ ಆ ಭಯ ತಪ್ಪಿಲ್ಲ.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವರ ಮೂಳೆ ಬಳುಕುತ್ತದೆ. ನೆಲ ಬಿರುಕುಬಿಟ್ಟು, ಸ್ನಾಯುವನ್ನು ಕಚ್ಚಿಕೊಂಡು ಮತ್ತೆ ಮುಚ್ಚಿಕೊಳ್ಳಬಹುದು. ಕಣ್ಣು ಕೆಂಪಾಗಿರುವುದಿಲ್ಲ, ಬಾವೂ ಅಷ್ಟಕ್ಕಷ್ಟೆ. ಆದರೆ ಮಗು ಕಣ್ಣೆತ್ತಿ ನೋಡಲಾರದೆ ವಾಂತಿ ಮಾಡುತ್ತದೆ, ನಾಡಿ ನಿಧಾನವಾಗುತ್ತದೆ. ಸಿಕ್ಕಿಬಿದ್ದ ಸ್ನಾಯುವಿನ ಸೆಳೆತಕ್ಕೆ ಹೃದಯ ಹಾಗೆ ಸ್ಪಂದಿಸುತ್ತದೆ. ಇದನ್ನು ಬರೀ ತಲೆಪೆಟ್ಟೆಂದು ತಿಳಿದು ದಿನ ದೂಡಿದರೆ ಸ್ನಾಯು ಸಾಯುತ್ತದೆ. ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಆಗಬೇಕಾಗಬಹುದು.

ಆದ್ದರಿಂದ ಮುಖಕ್ಕೆ ಪೆಟ್ಟು ಬಿದ್ದು ಒಂದು ಎರಡಾಗಿ ಕಂಡರೆ, ಕೆನ್ನೆ ಜೋಮು ಹಿಡಿದರೆ, ನೋಟ ಮಂಜಾದರೆ ಅಂದೇ ಆಸ್ಪತ್ರೆಗೆ ಹೋಗಿ. ಅಲ್ಲಿ ಸಿ.ಟಿ. ಸ್ಕ್ಯಾನ್ ಮೂಳೆಯ ಸ್ಥಿತಿ ತೋರಿಸುತ್ತದೆ. ಅಲ್ಲಿಯವರೆಗೆ ಜೋರಾಗಿ ಮೂಗು ಸೀಟಬೇಡಿ, ಸೈನಸ್‌ನ ಗಾಳಿ ಕಣ್ಣಿನ ಸುತ್ತ ನುಗ್ಗುತ್ತದೆ. ಮುಂದಿನ ಸಲ ಹೆಲ್ಮೆಟ್ ಕೊಳ್ಳುವಾಗ ಐಎಸ್‌ಐ ಗುರುತಿರುವ, ಗದ್ದದವರೆಗೆ ಮುಚ್ಚುವುದನ್ನೇ ಕೊಳ್ಳಿ.